ಮೀನಿನ ತವರಿಗೆ ಬೆಲೆ ಕಟ್ಟಿದ ಕತೆ

ಮತ್ತೆ ಬಾಯಿ ಹಾಕಿದಿರಾ? "ಒಂದು ರಾಜ್ಯ ಇತ್ತು" ಅಂತ ನಾನು ಶುರು ಮಾಡಿದ್ದು ಇದು ಮೂರನೇ ಸಲ. ಮೊದಲನೇ ಸಲ ಒಬ್ಬನಿಗೆ ನೀರು ಬೇಕಾಯಿತು. ಎರಡನೇ ಸಲ ಕುಡಿದ ನೀರು ಹೊರಗೆ ಹೋಗಬೇಕಾಯಿತು. ಮೂರನೇ ಸಲ ನಮ್ಮ ಶಮಿಗೆ ರಾಜನ ಹೆಸರು ಏನು, ರಾಜನ ಅಮ್ಮನ ಹೆಸರು ಏನು, ರಾಜನಿಗೆ ಭಾನುವಾರ ರಜೆ ಇತ್ತಾ, ಎಲ್ಲ ಗೊತ್ತಾಗಬೇಕು. ರಾಜ ಇನ್ನೂ ಸಿಂಹಾಸನದ ಮೇಲೆ ಕೂತೇ ಇಲ್ಲ. ಪಾಪ, ಕೂರಲು ಬಿಡಿ ಅವನನ್ನು. ಇನ್ನು ನಡುವೆ ಯಾರಾದರೂ ಮಾತಾಡಿದರೆ ಕತೆ ಅಲ್ಲಿಗೇ ನಿಲ್ಲಿಸಿ ಮಗ್ಗಿ ಹೇಳಿಸುತ್ತೇನೆ. ಹದಿನೇಳರ ಮಗ್ಗಿ. ಹಾಂ, ಈಗ ನೋಡಿ ಎಷ್ಟು ಚೆನ್ನಾಗಿ ಬಾಯಿ ಮುಚ್ಚಿತು.

ಒಂದು ರಾಜ್ಯ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗುಡ್ಡ, ನಡುವೆ ಚಾಪೆ ಹಾಸಿದಷ್ಟು ನೆಲ. ಹೆಸರು ಅಳಿವೆನಾಡು. ಎಷ್ಟು ಸಣ್ಣ ರಾಜ್ಯ ಅಂದರೆ, ಅಲ್ಲಿನ ರಾಜ ಸೀನಿದರೆ ಪಕ್ಕದ ರಾಜ್ಯದ ಮಗು ತೊಟ್ಟಿಲಲ್ಲಿ ಬೆಚ್ಚಿಬೀಳುತ್ತಿತ್ತು. ರಾಜನ ಹೆಸರು ಗುಂಡರಸ. ಒಳ್ಳೆಯವನೇ. ಆದರೆ ಬೆಳಿಗ್ಗೆ ಯಾರು ಮೊದಲು ಬಂದು ಮಾತಾಡುತ್ತಾರೋ ಅವರ ಮಾತೇ ಅವನಿಗೆ ಸರಿ. ಮಧ್ಯಾಹ್ನ ಹೊಟ್ಟೆಗೆ ಮೀನಿನ ಸಾರು ಬಿದ್ದ ಮೇಲೆ ಸ್ವಲ್ಪ ಸ್ವಂತ ಬುದ್ಧಿ ಬರುತ್ತಿತ್ತು.

ಆ ರಾಜ್ಯದ ಕಡಲಲ್ಲಿ ಒಂದು ದೊಡ್ಡ ಬಂಡೆ. ಬಂಡೆಯ ಮಗ್ಗುಲಲ್ಲಿ ಬಟ್ಟಲಿನ ಹಾಗೆ ಒಂದು ಕೊಲ್ಲಿ. ಒಳಗೆಲ್ಲ ಕಲ್ಲು, ಪಾಚಿ, ಸಂದುಗೊಂದು. ಊರವರು ಆ ಕೊಲ್ಲಿಗೆ ಇಟ್ಟ ಹೆಸರು ಮೀನಿನ ತವರು. ಮಳೆಗಾಲ ಬಂತೆಂದರೆ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳು ಅಲ್ಲಿಗೇ ಬರುತ್ತಿದ್ದವು. ಮರಿಗಳು ಅಲ್ಲಿಯೇ ಆಡಿ, ತಿಂದು, ದೊಡ್ಡವಾಗುತ್ತಿದ್ದವು. ಬಾಣಂತನಕ್ಕೆ ತವರಿಗೆ ಬಂದವಳನ್ನು ಯಾರೂ ಕೆಲಸಕ್ಕೆ ಕರೆಯಬಾರದು ತಾನೇ? ನನ್ನನ್ನು ಕರೆದಿದ್ದರು, ಆ ಮಾತು ಈಗ ಬೇಡ. ಅಂತೂ ಆ ಕೊಲ್ಲಿಯಲ್ಲಿ ಬಲೆ ಇಲ್ಲ, ಗಾಳ ಇಲ್ಲ, ಬುಟ್ಟಿಯಲ್ಲಿ ಗೋರುವುದೂ ಇಲ್ಲ. ಕೊಲ್ಲಿಯ ಬಾಯಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಬಿದಿರಿನ ಬೊಂಬು ಕಟ್ಟಿ ತೇಲಿಬಿಟ್ಟಿದ್ದರು. ಬೊಂಬಿನ ಆಚೆ ಮೀನಿನದು, ಈಚೆ ನಮ್ಮದು. ಅಜ್ಜನ ಅಜ್ಜನ ಕಾಲದಿಂದಲೂ ಅದೇ ಕಟ್ಟಳೆ.

ಎಲ್ಲ ಸರಿಯಾಗಿಯೇ ಇತ್ತು. ಎಲ್ಲಿಯವರೆಗೆ? ಸಂಕಪ್ಪಯ್ಯ ಪ್ರಧಾನಿಯಾಗುವವರೆಗೆ.

ಈ ಸಂಕಪ್ಪಯ್ಯನ ಕಂಕುಳಲ್ಲಿ ಯಾವಾಗಲೂ ಒಂದು ಕಡತ. ಬಾಯಲ್ಲಿ ಯಾವಾಗಲೂ ಒಂದು ಲೆಕ್ಕ. ಅವನ ಹೆಂಡತಿಯ ತಮ್ಮ ಮಂಕಾಳು, ಊರಿಗೇ ದೊಡ್ಡ ದೋಣಿಯ ಒಡೆಯ. ತೋಳಿನಲ್ಲಿದ್ದ ಬಲ ತಲೆಯಲ್ಲಿ ಇರಲಿಲ್ಲ. ಅವನು ಹಿಡಿದ ಮೀನಿನಲ್ಲಿ ಅರ್ಧ ಭಾವನ ಮನೆಗೆ ಹೋಗುತ್ತಿತ್ತು. ಯಾಕೆ ಅಂತ ಅವನೂ ಕೇಳಿರಲಿಲ್ಲ, ಭಾವನೂ ಹೇಳಿರಲಿಲ್ಲ.

ಒಂದು ದಿನ ಸಂಕಪ್ಪಯ್ಯ ಕೋಳಿ ಕೂಗುವ ಮೊದಲೇ ಅರಮನೆಗೆ ಬಂದ.

"ಒಡೆಯರೇ, ನಮ್ಮ ರಾಜ್ಯದಲ್ಲಿ ತೆಂಗಿನಮರ ಸುಂಕ ಕೊಡುತ್ತದೆ. ಉಪ್ಪಿನ ಗದ್ದೆ ಸುಂಕ ಕೊಡುತ್ತದೆ. ಹೊಳೆ ದಾಟಿಸುವ ದೋಣಿ ಸುಂಕ ಕೊಡುತ್ತದೆ. ಏನೂ ಕೊಡದೆ ಸೋಮಾರಿಯಾಗಿ ಬಿದ್ದಿರುವುದು ಒಂದೇ ಒಂದು."

ರಾಜ ಕಣ್ಣುಜ್ಜಿಕೊಂಡ. "ಯಾರು? ರಾಣಿಯ ಅಣ್ಣನಾ?"

"ಅಲ್ಲ ಒಡೆಯರೇ, ಆ ಕೊಲ್ಲಿ. ಮೀನಿನ ತವರಂತೆ! ಮೀನು ಸೀಮಂತ ಮಾಡಿಕೊಳ್ಳುತ್ತದಾ? ಬೆಲೆಯಿಲ್ಲದ ನೀರು. ನನಗೆ ಉಂಬಳಿಯಾಗಿ ಕೊಟ್ಟುಬಿಡಿ. ಒಂದು ವರ್ಷದಲ್ಲಿ ಕಲ್ಲೆಲ್ಲ ಒಡೆಸಿ, ತಳ ಸಮ ಮಾಡಿಸಿ, ಬಲೆ ಎಳೆಸುತ್ತೇನೆ. ನಿಮಗೆ ಆ ತಲೆನೋವು ಯಾಕೆ, ನನಗಿರಲಿ."

ಉಂಬಳಿ ಅಂದರೆ ಏನು ಅಂತ ಕೇಳಬೇಡಿ, ನಾನೇ ಹೇಳುತ್ತೇನೆ. ರಾಜ ಪುಕ್ಕಟೆ ಕೊಟ್ಟದ್ದು, ಆಮೇಲೆ ಯಾರೂ ತಿರುಗಿ ಕೇಳದೇ ಇರುವುದು. ಅಳಿವೆನಾಡಿನಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ಬೆಲೆಯಿರುವುದನ್ನು ಕೊಡಬೇಕಾದರೆ ಊರಿನ ಹತ್ತು ಮಂದಿಯನ್ನು ಕೇಳಬೇಕು. ಬೆಲೆಯಿಲ್ಲದ್ದಾದರೆ ರಾಜ ಯಾರಿಗೆ ಬೇಕಾದರೂ ಕೊಡಬಹುದು. ಸಂಕಪ್ಪಯ್ಯನ ಬುದ್ಧಿ ಗೊತ್ತಾಯಿತಾ? ಮೊದಲು ಸೊನ್ನೆ ಅನ್ನಿಸಬೇಕು, ಆಮೇಲೆ ನುಂಗಬೇಕು.

ರಾಜ ಆಕಳಿಸಿ ಹೇಳಿದ, "ಬೆಲೆ ಕಟ್ಟಿಸಿ ನೋಡೋಣ."

ಬೆಲೆ ಕಟ್ಟಲು ಮೂರು ಜನ ಬಂದರು. ಮೂವರೂ ಹಿಂದಿನ ದಿನ ಸಂಕಪ್ಪಯ್ಯನ ಮನೆಯಲ್ಲಿ ತುಪ್ಪ ಸುರಿದ ಹೋಳಿಗೆ ತಿಂದವರೇ.

ಮೊದಲು ಬಂದವನು ಅರಮನೆಯ ಕರಣಿಕ. ಲೆಕ್ಕದ ಪುಸ್ತಕ ತೆರೆದ. ಹಾಳೆ ಮಗುಚಿದ. "ಇಲ್ಲಿ ಬರೆದಿಲ್ಲ. ಬರೆಯದೇ ಇದ್ದದ್ದು ಬಂದಿಲ್ಲ. ಬಾರದೇ ಇದ್ದದ್ದಕ್ಕೆ ಬೆಲೆಯಿಲ್ಲ. ಸೊನ್ನೆ."

ಎರಡನೆಯವನು ಅಕ್ಕಸಾಲಿ. ಕೊಲ್ಲಿಯಿಂದ ಒಂದು ಚೆಂಬು ನೀರು ತರಿಸಿದ. ತಕ್ಕಡಿಯಲ್ಲಿ ತೂಗಿದ. ಒರೆಗಲ್ಲಿಗೆ ಉಜ್ಜಿದ. ಕೊನೆಗೆ ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದ. "ಬರೀ ಉಪ್ಪು. ಸೊನ್ನೆ."

ಮೂರನೆಯವನು ಸಂತೆಯ ವ್ಯಾಪಾರಿ. ಅವನು ಎದ್ದೂ ನೋಡಲಿಲ್ಲ. "ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ. ಮಾರದೇ ಇದ್ದದ್ದಕ್ಕೆ ಬೆಲೆ ಎಲ್ಲಿಂದ ಬರಬೇಕು? ಸೊನ್ನೆ."

"ಮೂರು ಸೊನ್ನೆ ಕೂಡಿಸಿದರೆ?" ರಾಜ ಕೇಳಿದ.

"ದೊಡ್ಡ ಸೊನ್ನೆ, ಒಡೆಯರೇ," ಅಂದ ಸಂಕಪ್ಪಯ್ಯ.

ಡಂಗುರ ಹೊಡೆಸಿದರು. ಶ್ರಾವಣದ ನೂಲ ಹುಣ್ಣಿಮೆ ಕಳೆದು ಎಂಟನೇ ದಿನ ಕೊಲ್ಲಿ ಪ್ರಧಾನಿಗಳ ಪಾಲು. ಅಲ್ಲಿಯವರೆಗೆ ಅದಕ್ಕೆ ಬೆಲೆ ಉಂಟು ಅಂತ ತೋರಿಸುವವರು ಯಾರಾದರೂ ಇದ್ದರೆ ಬರಬಹುದು. ಡಂಡಂ ಡಂಡಂ.

ಆ ಸದ್ದು ಅರಮನೆಯ ಹಿತ್ತಲಿಗೂ ಕೇಳಿಸಿತು. ಅಲ್ಲಿ ಒಬ್ಬಳು ಕೂತು ಬಂಗುಡೆ ಮೀನನ್ನು ಹಸನು ಮಾಡುತ್ತಿದ್ದಳು. ಅವಳೇ ದುಗ್ಗಿ. ದಿನಾ ಬುಟ್ಟಿ ಹೊತ್ತು ಅರಮನೆಯ ಅಡಿಗೆಮನೆಗೆ ಮೀನು ತರುವವಳು. ಗಂಡನಿಗೆ ಒಂದು ಪುಟ್ಟ ದೋಣಿ, ಮನೆಯಲ್ಲಿ ಮೂರು ಮಕ್ಕಳು. ಆ ಮೂವರೂ ನಿಮ್ಮಷ್ಟೇ ತಿನ್ನುವವರು. ನಿಮ್ಮಷ್ಟು ಮಾತಾಡುವವರಲ್ಲ.

ಡಂಗುರ ಕೇಳಿ ದುಗ್ಗಿಯ ಕೈಯ ಕತ್ತಿ ನಿಂತಿತು. ಅವಳ ತವರೂರು ಬಡಗಣ ರಾಜ್ಯ. ಅಲ್ಲಿಯೂ ಇಂಥದೇ ಒಂದು ಕೊಲ್ಲಿ ಇತ್ತು. ಯಾರೋ ಒಬ್ಬ ಹೀಗೆಯೇ ಸೊನ್ನೆ ಅಂತ ಹೇಳಿ ಅದನ್ನು ಬಾಚಿದ್ದ. ಮೊದಲ ವರ್ಷ ಭಾರೀ ಮೀನು. ಎರಡನೇ ವರ್ಷ ಬಾಲ ಮಾತ್ರ. ಮೂರನೇ ವರ್ಷ ಬಲೆಗೆ ಬಂದದ್ದು ಒಂದು ಹಳೇ ಚಪ್ಪಲಿ. ಅದೂ ಒಂಟಿ. ಈ ಕೊಲ್ಲಿಯೂ ಹಾಗೆ ಆದರೆ ತನ್ನ ಮೂರು ಮಕ್ಕಳ ಗಂಜಿಗೆ ಏನು ಗತಿ? ದುಗ್ಗಿ ಬುಟ್ಟಿ ಸಮೇತ ರಾಜಸಭೆಗೆ ನುಗ್ಗಿದಳು. ಕಾವಲಿನವರು ತಡೆಯಲು ಹೋದರು. ಆದರೆ ಒಂದು ಕೈ ಮೂಗಿಗೆ ಬೇಕಾಯಿತು, ಇನ್ನೊಂದು ಕೈ ಸಾಲದಾಯಿತು.

"ಒಡೆಯರೇ, ತವರಿಗೆ ಕೈ ಹಾಕಬೇಡಿ," ಅಂದಳು. "ನನ್ನ ಅಪ್ಪನ ದೋಣಿ ನೀರು ಕಂಡು ಆರು ವರ್ಷ ಆಯಿತು. ಈಗ ಅದರಲ್ಲಿ ಕೋಳಿ ಕಾವು ಕೂತಿದೆ."

"ಕೋಳಿಗೆ ಒಳ್ಳೆಯದೇ ಆಯಿತಲ್ಲ," ಅಂದ ಸಂಕಪ್ಪಯ್ಯ. ಸಭೆ ನಕ್ಕಿತು. "ಸರಿ ತಾಯಿ, ಆ ಕೊಲ್ಲಿಗೆ ಬೆಲೆ ಉಂಟು ಅನ್ನುತ್ತೀ. ಎಷ್ಟು?"

"ನಮ್ಮೆಲ್ಲರ ಹೊಟ್ಟೆ ತುಂಬುವಷ್ಟು."

"ಹೊಟ್ಟೆ ಲೆಕ್ಕವಲ್ಲ. ಎಷ್ಟು?"

"ಆ ಕಲ್ಲುಗಳು ಮಳೆಗಾಲದ ತೆರೆ ತಡೆಯುವುದರಿಂದಲೇ ನಮ್ಮ ಗುಡಿಸಲು, ನಿಮ್ಮ ಸುಂಕದ ತೆಂಗಿನಮರ ನಿಂತಿವೆ. ಅಷ್ಟು."

"ಅಷ್ಟು ಅಂದರೆ ಎಷ್ಟು?"

ದುಗ್ಗಿ ಬುಟ್ಟಿಯ ಮೀನು ನೋಡಿದಳು. ಮೀನು ಎಣಿಸಲು ಬರುತ್ತಿತ್ತು, ಕಡಲು ಎಣಿಸಲು ಬರುತ್ತಿರಲಿಲ್ಲ.

"ಬರೆದುಕೊಳ್ಳಿ," ಅಂದ ಸಂಕಪ್ಪಯ್ಯ ಕರಣಿಕನ ಕಡೆ ತಿರುಗಿ. "ನಾಲ್ಕನೆಯವಳೂ ಬಂದಳು. ಸೊನ್ನೆ."

ದುಗ್ಗಿ ಮುಖ ಸಣ್ಣದು ಮಾಡಿಕೊಂಡು ಕಡಲ ದಂಡೆಯ ಮೇಲೆ ನಡೆದು ಬರುತ್ತಿದ್ದಳು. ದಾರಿಯಲ್ಲಿ ಮಂಕಾಳುವಿನ ಮನೆ. ಅಂಗಳದಲ್ಲಿ ಮಂಕಾಳು ಎರಡು ಕೊಬ್ಬಿದ ಹುಂಜಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈಯಾರೆ ಅನ್ನ ತಿನ್ನಿಸುತ್ತಿದ್ದ. ಹೆಂಡತಿಗೂ ಹಾಗೆ ಬಡಿಸಿದವನಲ್ಲ.

"ಏನೋ ಮಂಕಾಳು, ಹುಂಜಕ್ಕೆ ಮದುವೆಯಾ?"

"ಅಲ್ಲ ದುಗ್ಗಕ್ಕ, ಚೀಟಿ ದಿನಕ್ಕೆ. ಮೊದಲನೇ ಜಾಗ ಬಿಡಲಿಕ್ಕುಂಟಾ? ಹೋದ ವರ್ಷ ಎರಡು ಹುಂಜ, ಒಂದು ಮುಡಿ ಅಕ್ಕಿ ಕೊಟ್ಟು ಹಿಡಿದದ್ದು. ಈ ವರ್ಷ ಏನು ಕೇಳುತ್ತಾರೋ!"

ದುಗ್ಗಿ ಅಲ್ಲಿಯೇ ನಿಂತಳು. ಬುಟ್ಟಿ ಕೆಳಗಿಟ್ಟಳು. ನಕ್ಕಳು ನೋಡಿ, ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಹುಂಜಗಳು ಹೆದರಿ ಅನ್ನ ಬಿಟ್ಟು ಓಡಿದವು.

ಅವಳು ಯಾಕೆ ನಕ್ಕಳು ಅಂತ ತಿಳಿಯಬೇಕಾದರೆ ನಿಮಗೆ ಚೀಟಿ ದಿನ ಗೊತ್ತಿರಬೇಕು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆ ಆಯಿತೆಂದರೆ ಮೀನುಗಾರಿಕೆ ಶುರು. ಏಳನೇ ದಿನ ಯಾರ ದೋಣಿ ಎಲ್ಲಿ ಬಲೆ ಹಾಕಬೇಕು ಅಂತ ಚೀಟಿ ಎತ್ತುತ್ತಾರೆ. ಆ ದಂಡೆಯಲ್ಲಿ ಹದಿನಾಲ್ಕು ಜಾಗ. ಹದಿನಾಲ್ಕನೆಯದು ಊರ ಬಾಗಿಲಲ್ಲೇ, ಹೊಳೆಯ ಬಾಯಿಯ ಹತ್ತಿರ. ಮೊದಲನೆಯದು ಎಲ್ಲಕ್ಕಿಂತ ದೂರ, ತವರಿನ ಬೊಂಬಿಗೆ ತಾಗಿಕೊಂಡು. ಚೀಟಿ ಬಿದ್ದ ಮೇಲೆ ಅದಲುಬದಲು ಮಾಡಿಕೊಳ್ಳಬಹುದು. ಮೇಲಿಂದ ಏನಾದರೂ ಸೇರಿಸಿ ಕೊಡುವುದಿದ್ದರೆ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಕೈಸನ್ನೆ ನಡೆಯುವುದಿಲ್ಲ. ಮರಳ ಮೇಲೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆಯೂ ಇಲ್ಲ. ಊರಿನ ಹಿರಿಯ, ಅವನನ್ನು ಗುರಿಕಾರ ಅನ್ನುತ್ತಿದ್ದರು, ಮೂರು ಸಲ ಶಂಖ ಊದುತ್ತಾನೆ. ಮೂರನೇ ಶಂಖಕ್ಕೆ ಮುಗಿಯಿತು. ಅರಮನೆಯ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ಅರಮನೆಯವರು ಮೂಗಿಗೆ ಹೆದರಿ ದಂಡೆಗೆ ಇಳಿಯುತ್ತಲೇ ಇರಲಿಲ್ಲ.

ಈಗ ತಿಳಿಯಿತಾ ಯಾಕೆ ನಕ್ಕಳು? ತಿಳಿಯದಿದ್ದರೆ ಮುಂದೆ ಕೇಳಿ.

ದುಗ್ಗಿ ಈ ಸಲ ಬೆಳಿಗ್ಗೆ ಹೋಗಲಿಲ್ಲ. ರಾಜನ ಊಟ ಆಗುವವರೆಗೆ ಕಾದಳು. ರಾಜ ಕೈತೊಳೆದು, ತೇಗಿ, ಉಯ್ಯಾಲೆಯಲ್ಲಿ ಕೂತಾಗ ಹೋಗಿ ನಿಂತಳು.

"ಒಡೆಯರೇ, ಪ್ರಧಾನಿಗಳು ಎಷ್ಟು ಅಂತ ಕೇಳಿದ್ದರಲ್ಲ. ಉತ್ತರ ಚೀಟಿ ದಿನ ದಂಡೆಯಲ್ಲಿ ಸಿಗುತ್ತದೆ. ನೀವು ಬಂದು ಸುಮ್ಮನೆ ಕೂತು ನೋಡಬೇಕು."

"ಬಿಸಿಲು ಇರುತ್ತದಲ್ಲ?"

"ತೆಂಗಿನ ಮಡಲಿನ ಚಪ್ಪರ ಹಾಕಿಸುತ್ತೇನೆ."

"ಹಸಿವಾಗುತ್ತದಲ್ಲ?"

"ಕಾಣೆ ಮೀನು ಹುರಿದು ಕೊಡುತ್ತೇನೆ."

"ಬರುತ್ತೇನೆ," ಅಂದ ರಾಜ. ಮೂರನೇ ಪ್ರಶ್ನೆಯೇ ಬೇಕಾಗಲಿಲ್ಲ.

ಸುದ್ದಿ ಸಂಕಪ್ಪಯ್ಯನ ಕಿವಿಗೆ ಬಿತ್ತು. ಅವನಿಗೆ ಮಂಕಾಳುವಿನ ಬಾಯಿಯದೇ ಭಯ. ಚೀಟಿ ದಿನ ಬೆಳಿಗ್ಗೆ ಅವನನ್ನು ಕರೆಸಿದ.

"ನೋಡು, ಇವತ್ತು ಯಾವ ಜಾಗ ಬೀಳುತ್ತದೋ ಅದೇ ಸಾಕು. ಒಂದು ಮಾತು ಆಡಬೇಡ."

"ಮೊದಲನೇ ಜಾಗ ಹೋದರೆ, ಭಾವ?"

"ಮುಂದಿನ ವರ್ಷ ಕೊಲ್ಲಿಯೇ ನಮ್ಮದು. ಒಂದು ವರ್ಷ ತಡೆದುಕೋ."

"ತಡೆದುಕೊಳ್ಳುತ್ತೇನೆ, ಭಾವ. ಆದರೆ ಬಾಯಿ ತಡೆಯದಿದ್ದರೆ?"

ಅದೂ ಸರಿಯೇ ಅನ್ನಿಸಿತು ಸಂಕಪ್ಪಯ್ಯನಿಗೆ. ಹತ್ತು ವೀಳ್ಯದೆಲೆ, ನಾಲ್ಕು ಅಡಿಕೆ, ಒಂದು ಮುಷ್ಟಿ ಹೊಗೆಸೊಪ್ಪು ಸೇರಿಸಿ ಭಾವಮೈದನ ಬಾಯಿಗೆ ತುರುಕಿದ. "ರಾಜರ ಎದುರು ಉಗಿದೆಯೋ, ತಲೆ ಹೋದೀತು."

ಮಂಕಾಳುವಿನ ಕೆನ್ನೆ ಎರಡೂ ಕಡೆ ತೆಂಗಿನಕಾಯಿಯಷ್ಟು ಉಬ್ಬಿತು.

ದಂಡೆಯಲ್ಲಿ ಊರೆಲ್ಲ ನೆರೆದಿತ್ತು. ರಾಜ ಚಪ್ಪರದಡಿ ಕೂತು ಹುರಿದ ಕಾಣೆಯನ್ನು ಮುಗಿಸುತ್ತಿದ್ದ. ಪಕ್ಕದಲ್ಲಿ ಸಂಕಪ್ಪಯ್ಯ ಮೂಗಿಗೆ ರೇಷ್ಮೆ ವಸ್ತ್ರ ಹಿಡಿದು ನಿಂತಿದ್ದ. ಚೀಟಿ ಎತ್ತಿದರು. ಮೊದಲನೇ ಜಾಗ ದುಗ್ಗಿಗೇ ಬಿತ್ತು ಅಂತ ಹೇಳಿದರೆ ನೀವು ನಂಬುತ್ತೀರಿ, ಆದರೆ ಬೀಳಲಿಲ್ಲ. ದುಗ್ಗಿಯ ಗಂಡನಿಗೆ ಬಿದ್ದದ್ದು ಏಳನೆಯದು. ಹದಿನಾಲ್ಕನೆಯದು ಬಿದ್ದದ್ದು ಮಂಕಾಳುವಿಗೆ. ಮೊದಲನೆಯದು ಬಿದ್ದದ್ದು ಕುಷ್ಟಜ್ಜ ಅನ್ನುವ ಮುದುಕನಿಗೆ.

ಕುಷ್ಟಜ್ಜ ಸೊಂಟ ಹಿಡಿದುಕೊಂಡು ಎದ್ದ. "ಅಷ್ಟು ದೂರ ಹುಟ್ಟು ಹಾಕಲು ನನ್ನ ಸೊಂಟ ಕೇಳುವುದಿಲ್ಲ ಮಾರಾಯರೇ. ಅದಲುಬದಲು ಮಾಡುವವರು ಉಂಟಾ?"

ಎರಡನೇ ಜಾಗದವನು ಕೂಗಿದ, "ನನ್ನ ಜಾಗ, ಮೇಲೊಂದು ಬಾಳೆಗೊನೆ!"

ಐದನೇ ಜಾಗದವನು ಕೂಗಿದ, "ನನ್ನ ಜಾಗ, ಮೇಲೆ ಎರಡು ಕೋಳಿ, ಒಂದು ಮುಡಿ ಅಕ್ಕಿ!"

ಹನ್ನೊಂದನೆಯವನು ಎದೆ ಬಡಿದುಕೊಂಡು ಕೂಗಿದ, "ನನ್ನ ಜಾಗ, ಮೇಲೆ ಮೂರು ಮುಡಿ ಅಕ್ಕಿ, ಒಂದು ಹೊಸ ಬಲೆ, ಹಾಲು ಕೊಡುವ ದನ!"

"ಹಾಲು ಕೊಡುವ ದನವಾ?" ಅವನ ಹೆಂಡತಿ ಹಿಂದಿನಿಂದ ಕಿರುಚಿದಳು. "ಮನೆಗೆ ಬನ್ನಿ, ಆಮೇಲೆ ಹೇಳುತ್ತೇನೆ!"

ರಾಜ ತಿನ್ನುವುದು ನಿಲ್ಲಿಸಿದ. ಅವನು ಮೀನು ಬಿಟ್ಟು ಬೇರೆ ಕಡೆ ನೋಡಿದ್ದು ಆ ವರ್ಷ ಅದೇ ಮೊದಲು. "ದುಗ್ಗಿ, ಹತ್ತಿರದವನು ಬಾಳೆಗೊನೆ ಕೊಡುತ್ತಾನೆ, ದೂರದವನು ದನ ಕೊಡುತ್ತಾನೆ. ಇದು ಯಾವ ಲೆಕ್ಕ?"

"ಹತ್ತಿರದವನಿಗೆ ಈಗಲೇ ಮೀನು ಸಿಗುತ್ತದೆ ಒಡೆಯರೇ, ಸ್ವಲ್ಪ ಹೆಚ್ಚು ಸಿಗಲಿ ಅಂತ ಸ್ವಲ್ಪ ಕೊಡುತ್ತಾನೆ. ದೂರದವನಿಗೆ ಸಿಗುವುದು ಕಡಿಮೆ, ಅದಕ್ಕೇ ಹೆಚ್ಚು ಕೊಡುತ್ತಾನೆ."

"ನೀರು ಎಲ್ಲ ಕಡೆ ಒಂದೇ ಅಲ್ಲವಾ?"

ಉತ್ತರ ಕೊಟ್ಟವನು ಕುಷ್ಟಜ್ಜ. "ನೀರು ಒಂದೇ. ಆದರೆ ತವರಿನಲ್ಲಿ ಮಕ್ಕಳು ಹೆಚ್ಚಾದ ಮೇಲೆ ಜಾಗ ಸಾಲುವುದಿಲ್ಲ ಒಡೆಯರೇ. ಬೆಳೆದ ಮೀನುಗಳು ಬೊಂಬು ದಾಟಿ ಹೊರಗೆ ಬರುತ್ತವೆ. ಬಂದ ಕೂಡಲೇ ಸಿಗುವುದು ಮೊದಲನೇ ಜಾಗ. ಹದಿನಾಲ್ಕನೆಯದಕ್ಕೆ ಬರಬೇಕಾದರೆ ಹದಿಮೂರು ಬಲೆ ತಪ್ಪಿಸಿಕೊಳ್ಳಬೇಕು. ಅಷ್ಟು ಬುದ್ಧಿ ಇದ್ದ ಮೀನು ನಮ್ಮ ಕೈಗೆ ಯಾಕೆ ಸಿಗುತ್ತದೆ?"

ದುಗ್ಗಿ ಹೇಳಿದಳು, "ಕೊಲ್ಲಿಗೆ ಬೆಲೆ ಇಲ್ಲದಿದ್ದರೆ ಮನೆ ಬಾಗಿಲ ಜಾಗ ಬಿಟ್ಟು, ದನವನ್ನೂ ಕೊಟ್ಟು, ಅಷ್ಟು ದೂರ ಹುಟ್ಟು ಹಾಕುವ ಹುಚ್ಚು ಯಾರಿಗೆ? ಈ ಬಾಳೆಗೊನೆ, ಅಕ್ಕಿ, ದನ ಎಲ್ಲ ಯಾವುದರ ಬೆಲೆ ಒಡೆಯರೇ?"

ಸಂಕಪ್ಪಯ್ಯ ಮೂಗಿನ ವಸ್ತ್ರ ತೆಗೆದು ಹೇಳಿದ, "ಮೂಢರ ಮಾತು ಕೇಳಬೇಡಿ ಒಡೆಯರೇ. ಒಬ್ಬ ಕೂಗಿದ ಅಂತ ಇನ್ನೊಬ್ಬ ಕೂಗುತ್ತಾನೆ. ಬುದ್ಧಿ ಇರುವವನು ಒಂದು ಮೊಟ್ಟೆಯನ್ನೂ ಕೊಡುವುದಿಲ್ಲ. ನನ್ನ ಭಾವಮೈದನನ್ನೇ ನೋಡಿ. ಊರಿಗೇ ದೊಡ್ಡ ದೋಣಿ. ಬಿದ್ದದ್ದು ಕೊನೆಯ ಜಾಗ. ಬಾಯಿ ಬಿಟ್ಟಿದ್ದಾನಾ?"

ಎಲ್ಲರೂ ಮಂಕಾಳುವನ್ನು ನೋಡಿದರು. ಬಾಯಿ ಬಿಟ್ಟಿರಲಿಲ್ಲ, ನಿಜ. ಬಿಡುವ ಹಾಗೂ ಇರಲಿಲ್ಲ.

ದುಗ್ಗಿ ಅವನ ಹತ್ತಿರ ಹೋದಳು. "ಮಂಕಾಳು, ಬೊಂಬಿನ ಬುಡದಲ್ಲಿ ನಿನ್ನೆಯೇ ಅಂಜಲ್ ಮೀನು ಹಾರುತ್ತಿತ್ತಂತೆ ಮಾರಾಯ. ತೊಡೆಯಷ್ಟು ದಪ್ಪದ್ದು."

ಗುರಿಕಾರ ಮೊದಲನೇ ಶಂಖ ಊದಿದ. ಮಂಕಾಳುವಿನ ಕಣ್ಣು ದೊಡ್ಡದಾಯಿತು.

"ಹೊಳೆಯ ಬಾಯಲ್ಲಿ ಏಡಿಯೂ ಸಿಗುತ್ತದೆ, ಸಿಗುವುದಿಲ್ಲ ಅಂತಲ್ಲ. ಸಣ್ಣದು. ಬಲೆಯನ್ನು ಚೆನ್ನಾಗಿ ಕತ್ತರಿಸುತ್ತದೆ."

ಎರಡನೇ ಶಂಖ. ಮಂಕಾಳುವಿನ ತುಟಿಯ ಎರಡೂ ಕಡೆಯಿಂದ ಕೆಂಪು ರಸ ಇಳಿಯಿತು. ಅವನು ಭಾವನ ಕಡೆ ನೋಡಿ ಕೈ ಮುಗಿದ. ಭಾವ ಆಕಾಶ ನೋಡಿದ.

"ಹಾಗಾದರೆ ಹನ್ನೊಂದನೆಯವನಿಗೇ ಆಯಿತು," ಅಂದಳು ದುಗ್ಗಿ ಗಟ್ಟಿಯಾಗಿ. "ಒಂದು ವರ್ಷದ ಅಂಜಲ್ ಎಲ್ಲ ಅವನ ಮನೆಗೆ. ಅರ್ಧ ಭಾಗ ಕೊಡಲು ಅವನಿಗೆ ಭಾವನೂ ಇಲ್ಲ."

ಮಂಕಾಳು ಎದ್ದು ಕುಣಿದ. ಎರಡು ಕೈ ಎತ್ತಿದ. ಹತ್ತು ಬೆರಳು ತೋರಿಸಿದ. ಎಮ್ಮೆಯ ಕೊಂಬಿನ ಹಾಗೆ ತಲೆಯ ಮೇಲೆ ಬೆರಳು ಇಟ್ಟು ತೋರಿಸಿದ. "ಮ್ಮ್! ಮ್ಮ್!" ಅಂದ. ಗುರಿಕಾರ ತಲೆಯಾಡಿಸಿದ. ಬಾಯಿಬಿಟ್ಟು ಹೇಳದೆ ಆಗುವುದಿಲ್ಲ. ಶಂಖ ತುಟಿಗೆ ಹೋಯಿತು. ಗುರಿಕಾರನ ಎದೆ ಉಬ್ಬಿತು. ಇನ್ನೇನು ಊದಬೇಕು.

ಸಂಕಪ್ಪಯ್ಯನ ಕಣ್ಣೆದುರು ತೊಡೆ ದಪ್ಪದ ಅಂಜಲ್ ಒಂದೊಂದೇ ಹನ್ನೊಂದನೆಯವನ ಮನೆಯೊಳಗೆ ಹೋದವು. ಒಂದು ಹೋಯಿತು. ಎರಡು ಹೋಯಿತು. ಮೂರನೆಯದು ಹೊಸ್ತಿಲು ದಾಟುವಾಗ ತಡೆಯಲಾಗಲಿಲ್ಲ.

"ನಿಲ್ಲಿಸಿ!" ಸಂಕಪ್ಪಯ್ಯ ಕೂಗಿದ. "ಎರಡು ಎಮ್ಮೆ! ಹತ್ತು ಮುಡಿ ಅಕ್ಕಿ! ಮೇಲೆ ನನ್ನ ಬಿಳಿ ಕುದುರೆ! ಮೊದಲನೇ ಜಾಗ ನಮ್ಮದು!"

ಮಂಕಾಳು ಗುಳುಕ್ ಅಂತ ಬಾಯಲ್ಲಿದ್ದದ್ದನ್ನೆಲ್ಲ ನುಂಗಿಬಿಟ್ಟ. ಮೂರನೇ ಶಂಖ ಮೊಳಗಿತು. ಭೋಂ.

ರಾಜ ನಿಧಾನವಾಗಿ ತಿರುಗಿದ. "ಪ್ರಧಾನಿಗಳೇ, ಸೊನ್ನೆಗೆ ಎರಡು ಎಮ್ಮೆಯಾ?"

"ಅದು, ಒಡೆಯರೇ... ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಿದರೆ ಒಂದು ಎಮ್ಮೆ ಬೀಳಬಹುದು. ಎರಡು ಎಮ್ಮೆ ಬಿದ್ದು, ಹಿಂದಿನಿಂದ ಅಕ್ಕಿ ಬಿದ್ದು, ಅದರ ಹಿಂದೆ ಕುದುರೆಯೂ ಬೀಳುತ್ತದಾ?"

ಊರೆಲ್ಲ ನಕ್ಕಿತು. ಮೀನು ಕದಿಯಲು ಬಂದ ಕಾಗೆಗಳೂ ಹಾರಿಹೋದವು.

ದುಗ್ಗಿ ಮುಂದೆ ಬಂದಳು. "ಒಡೆಯರೇ, ಮೊನ್ನೆ ನನಗೆ ಲೆಕ್ಕ ಬರಲಿಲ್ಲ. ಇವತ್ತು ಪ್ರಧಾನಿಗಳೇ ಹೇಳಿಕೊಟ್ಟರು. ಇದು ಒಂದು ಜಾಗಕ್ಕೆ, ಒಂದು ವರ್ಷಕ್ಕೆ. ಅದೂ ಒಳಗೆ ಹೋಗಲಿಕ್ಕಲ್ಲ, ಬೊಂಬಿನ ಹೊರಗೆ ನಿಲ್ಲಲಿಕ್ಕೆ ಮಾತ್ರ. ಇನ್ನು ಹದಿಮೂರು ಜಾಗ ಉಂಟು. ಇನ್ನು ಎಷ್ಟು ವರ್ಷ ಉಂಟೋ ದೇವರಿಗೆ ಗೊತ್ತು. ತೆರೆ ತಡೆಯುವ ಕಲ್ಲಿನ ಲೆಕ್ಕ ಬೇರೆ. ಒಳಗೆ ಬಾಚಿದರೆ ಒಂದೇ ವರ್ಷ ತಿನ್ನಬಹುದು. ಬಿಟ್ಟರೆ ನಮ್ಮ ಮೊಮ್ಮಕ್ಕಳೂ ತಿನ್ನಬಹುದು."

ರಾಜ ಬೆರಳು ಎಣಿಸಿದ. ಕೈಬೆರಳು ಮುಗಿಯಿತು. ಕಾಲ್ಬೆರಳು ಮುಗಿಯಿತು. ಕರಣಿಕನ ಕಾಲ್ಬೆರಳನ್ನೂ ಸೇರಿಸಿದ. ಸಾಲಲಿಲ್ಲ.

"ಉಂಬಳಿ ಇಲ್ಲ," ಅಂದ ರಾಜ. "ಪುಸ್ತಕದಲ್ಲಿ ಆ ಸೊನ್ನೆಯನ್ನು ಹೊಡೆದುಹಾಕಿ. ಇನ್ನು ಮೇಲೆ ವರ್ಷ ವರ್ಷವೂ ಚೀಟಿ ದಿನ ಕರಣಿಕ ಇಲ್ಲಿಗೆ ಬಂದು, ಯಾರು ಯಾವ ಜಾಗಕ್ಕೆ ಏನು ಕೊಟ್ಟರು ಅಂತ ಬರೆದುಕೊಳ್ಳಬೇಕು. ಮೂಗು ಮುಚ್ಚದೆ. ಕುಷ್ಟಜ್ಜ, ಮರಳ ಮೇಲೆ ಆಡಿದ ಮಾತು ಹಾಗೆಯೇ ನಿಲ್ಲಲಿ. ಎಲ್ಲ ಹೊಡೆದುಕೊಂಡು ಹೋಗು."

ಕುಷ್ಟಜ್ಜ ತಲೆ ಕೆರೆದುಕೊಂಡ. "ಎಮ್ಮೆ ಆಗಬಹುದು. ಅಕ್ಕಿಯೂ ಆಗಬಹುದು. ಕುದುರೆಯನ್ನು ದೋಣಿಗೆ ಹತ್ತಿಸುವುದು ಹೇಗೆ? ಅದು ಅವರಿಗೇ ಇರಲಿ, ನಡೆದುಕೊಂಡು ಹೋದರೆ ಅಳು ಬಂದೀತು."

"ಪ್ರಧಾನಿಗೆ ಏನು ಶಿಕ್ಷೆ ಕೊಡಲಿ? ಊರು ಬಿಡಿಸಲಾ?" ರಾಜ ದುಗ್ಗಿಯನ್ನು ಕೇಳಿದ.

"ಬೇಡ ಒಡೆಯರೇ. ತವರಿನ ಬೊಂಬು ಕಾಯುವ ಕೆಲಸ ಕೊಡಿ. ಎರಡು ಎಮ್ಮೆ ಕಳೆದುಕೊಂಡವರು ಕಾದಷ್ಟು ಜೋಪಾನವಾಗಿ ಬೇರೆ ಯಾರೂ ಕಾಯುವುದಿಲ್ಲ."

"ಸಂಬಳ?"

"ಕೊಲ್ಲಿಗೆ ಅವರೇ ಮೊದಲು ಕಟ್ಟಿಸಿದ ಬೆಲೆ ಉಂಟಲ್ಲ. ಅಷ್ಟು."

ಹಾಗೆಯೇ ಆಯಿತು. ಅಂದಿನಿಂದ ಸಂಕಪ್ಪಯ್ಯ ಒಂದು ಪುಟ್ಟ ದೋಣಿಯಲ್ಲಿ ಕೊಡೆ ಹಿಡಿದು ಬೊಂಬಿನ ಉದ್ದಕ್ಕೂ ತಿರುಗುತ್ತಿದ್ದ. ಒಳಗೆ ಬಾಚಿದರೆ ತನ್ನ ಭಾವಮೈದನ ಬಲೆಗೆ ಬರುವ ಮೀನೇ ಹೋಯಿತು, ಎಮ್ಮೆಯೂ ಹೋದ ಹಾಗೆ ಆಯಿತು. ಯಾರಾದರೂ ಬೊಂಬಿನ ಹತ್ತಿರ ಗಾಳ ತಂದರೆ ಸಾಕು, ಕೊಡೆ ಬೀಸಿಕೊಂಡು ಬರುತ್ತಿದ್ದ. "ತವರು ಕಣೋ ಅದು! ಬಸುರಿಯರು ಇದ್ದಾರೆ ಒಳಗೆ! ನಾಚಿಕೆ ಆಗುವುದಿಲ್ಲವಾ ನಿನಗೆ?" ದುಗ್ಗಿಯ ಬಾಯಲ್ಲಿ ಬಂದದ್ದಕ್ಕಿಂತ ಚೆನ್ನಾಗಿ ಅವನ ಬಾಯಲ್ಲಿ ಬರುತ್ತಿತ್ತು. ದುಗ್ಗಿಯ ಮನೆಯಲ್ಲಿ ಮೂರು ತಟ್ಟೆಗೂ ದಿನಾ ಮೀನು ಬೀಳುತ್ತಿತ್ತು. ಏಳನೇ ಜಾಗದ ಮೀನು, ಅಂಥ ದೊಡ್ಡದೇನಲ್ಲ. ಸಾಕಾಗುತ್ತಿತ್ತು.

ಕತೆಯ ನೀತಿ ಏನು ಅಂದರೆ, ಮುಟ್ಟದೆ ಬಿಟ್ಟದ್ದು ಕೆಲಸಕ್ಕೆ ಬಾರದೆ ಬಿದ್ದಿದೆ ಅಂತ ತಿಳಿಯಬೇಡಿ. ನಾವು ಮುಟ್ಟುವುದಕ್ಕೆಲ್ಲ ಅನ್ನ ಹಾಕುತ್ತಿರುವುದು ಅದೇ ಇರಬಹುದು. ಮತ್ತೆ, ಯಾವುದಕ್ಕೋ ಬೆಲೆ ಇಲ್ಲ ಅಂತ ಯಾರಾದರೂ ಜೋರಾಗಿ ಹೇಳಿದರೆ ಅವರ ಬಾಯಿ ನೋಡಬೇಡಿ. ಅವರ ದೋಣಿ ಎಲ್ಲಿ ನಿಂತಿದೆ ಅಂತ ನೋಡಿ.

ಮುಗಿಯಿತು. ಏಳಿ ಇನ್ನು. ಏನು ಶಮಿ, ಈಗ ಕೈ ಎತ್ತುತ್ತೀ? ಸರಿ, ಕತೆ ಮುಗಿದ ಮೇಲೆ ಕೇಳಬಹುದು, ಕೇಳು.

ಅವಳು ಕೇಳಿದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಬೇಕೆಂದೇ ಕೆಮ್ಮಿದೆ. ನನ್ನ ಹತ್ತನೇ ಕ್ಲಾಸಿನ ಪುಸ್ತಕಗಳನ್ನೆಲ್ಲ ತಲೆಯಲ್ಲೇ ತಿರುವಿದೆ, ಉತ್ತರ ಎಲ್ಲೂ ಸಿಗಲಿಲ್ಲ. ಇನ್ನೂ ಸಿಕ್ಕಿಲ್ಲ. ಅವಳು ಕೇಳಿದ್ದು ಇಷ್ಟೇ:

"ಅಮ್ಮಾ, ಹದಿನಾಲ್ಕು ಬಲೆಯೂ ಹೊರಗೇ ಕಾಯುತ್ತಾ ಕೂತಿದ್ದರೆ, ಸುಮ್ಮನೆ ಒಂದು ಸಲ ಊರು ನೋಡಿಕೊಂಡು ವಾಪಸ್ಸು ಮನೆಗೆ ಹೋಗಬೇಕು ಅನ್ನುವ ಮೀನು ಯಾವ ದಾರಿಯಲ್ಲಿ ಹೋಗಬೇಕು?"